ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ: ಕುಡುಕರ ಪದ ಹುಡುಕಿದ್ರೆ ಭಕ್ತರು ಸಿಗ್ತಾರೆ

ಇಂಗ್ಲಿಷ್ ಪದಗಳು ಎಲ್ಲಿಂದ ಬಂದ್ವು ಅನ್ನೋ ಕುತೂಹಲ ಇರೋರು ಡಗ್ಲಸ್ ಹಾರ್ಪರ್ ಕಟ್ಟಿರೋ ಈ ವೆಬ್‌ಸೈಟನ್ನ ನೋಡ್ಲೇಬೇಕು. ಫ್ರೀ, ಲಾಗಿನ್ ಗೀಗಿನ್ ಏನೂ ಬೇಡ, ಒಂದು ಪದ ಹಾಕಿದ್ರೆ ಅದರ ನೆಂಟರಿಷ್ಟರೆಲ್ಲ ಲಿಂಕ್ ಸಮೇತ ಬರ್ತಾರೆ.

ನಾನು ಹುಡುಕಿದ್ದು 'ಬ್ಯಾಕನಲ್'. ಕುಡಿದು ಕೂಗಾಡ್ಕೊಂಡು ಕುಣಿಯೋರಿಗೂ ಇದೇ ಪದ, ಅವರ ಗಲಾಟೆಗೂ ಇದೇ. ಮೂಲ ನೋಡಿದ್ರೆ ಲ್ಯಾಟಿನ್‌ನಲ್ಲಿ ಬಾಕಸ್ ದೇವರ ಪೂಜೆ ನಡೆಯೋ ಜಾಗ ಅಂತ ಅರ್ಥ, ಬಾಕಸ್ ಅಂದ್ರೆ ದ್ರಾಕ್ಷಾರಸದ ದೇವರು, ಗ್ರೀಕರ ಡಯೋನೈಸಸ್. ಅಂದ್ರೆ ಇವರು ಮೊದಲು ಭಕ್ತರು, ಕುಡುಕರು ಅನ್ನೋ ಹೆಸರು ಅಂಟಿದ್ದು ಆಮೇಲೆ!

ಇಲ್ಲಿಂದ ಮುಂದಕ್ಕೆ ಇತಿಹಾಸ ಓದ್ಕೊಂಡ್ರೆ ಇನ್ನೂ ಮಜಾ ಇದೆ. ಕ್ರಿ.ಪೂ. 186ರಲ್ಲಿ ರೋಮ್‌ನ ಸೆನೆಟ್ ಈ ಪೂಜೆಗೆ ಕಡಿವಾಣ ಹಾಕ್ತು, ಪರ್ಮಿಷನ್ ಇಲ್ದೆ ಐದು ಜನಕ್ಕಿಂತ ಜಾಸ್ತಿ ಸೇರೋ ಹಾಗಿಲ್ಲ, ಅದ್ರಲ್ಲೂ ಗಂಡಸರು ಇಬ್ಬರು ಹೆಂಗಸರು ಮೂವರು ಅಷ್ಟೇ. ಆ ಆದೇಶ ಕೆತ್ತಿದ ಕಂಚಿನ ಹಲಗೆ 1640ರಲ್ಲಿ ಇಟಲಿಯ ತಿರಿಯೋಲೋದಲ್ಲಿ ಸಿಕ್ಕಿ ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಒಟ್ಟಿಗೆ ದುಡ್ಡು ಕೂಡಿಡಬಾರದು, ಒಬ್ಬರಿಗೊಬ್ಬರು ಆಣೆ ಪ್ರಮಾಣ ಮಾಡ್ಕೋಬಾರದು, ಗುಟ್ಟಾಗಿ ಪೂಜೆ ಮಾಡಬಾರದು ಅಂತೆಲ್ಲ ಇದೆ, ಕುಡಿತದ ಬಗ್ಗೆ ಒಂದಕ್ಷರ ಇಲ್ಲ. ಕುಡಿದು ಅನಾಚಾರ ಮಾಡ್ತಿದ್ರು ಅನ್ನೋ ಕಥೆನ ವಿಸ್ತಾರವಾಗಿ ಹೇಳೋದು ರೋಮನ್ ಇತಿಹಾಸಕಾರ ಲಿವಿ, ಅವನು ಬರೆದಿದ್ದು ಒಂದೂವರೆ ಶತಮಾನಕ್ಕೂ ಜಾಸ್ತಿ ಆದ್ಮೇಲೆ. ಸೆನೆಟ್‌ಗೆ ಭಯ ಇದ್ದಿದ್ದು ಜನ ಗುಂಪು ಕಟ್ಟೋದ್ರ ಬಗ್ಗೆ ಅಂತ ನನಗನ್ಸುತ್ತೆ.

ಆಮೇಲೆ ಇದೇ ಸೈಟಲ್ಲಿ 'ರೆವೆಲರ್' ಹಾಕಿ ನೋಡಿ, ಹಳೇ ಫ್ರೆಂಚ್ ದಾಟಿ ಲ್ಯಾಟಿನ್‌ನ 'ರೆಬೆಲ್ಲಾರೆ' ಹತ್ರ ಹೋಗಿ ನಿಲ್ಲುತ್ತೆ, ದಂಗೆ ಏಳೋದು ಅಂತ! ಮೋಜು ಮಾಡೋರೂ ದಂಗೆಕೋರರೂ ಒಂದೇ ಬೇರಿನವರು. ನನಗಂತೂ ಮೈ ಜುಮ್ಮಂತು. 'ಕರೌಸ್' (ಕುಡಿದು ಮಜಾ ಮಾಡೋದು) ಕೂಡ ಚೆನ್ನಾಗಿದೆ, ಜರ್ಮನ್‌ನ 'ಗಾರ್ ಔಸ್', ಲೋಟ ಪೂರ್ತಿ ಖಾಲಿ ಮಾಡು ಅಂತ.

ಒಂದು ವಿಷಯ ಗಮನದಲ್ಲಿರ್ಲಿ, ಪದದ ಪಕ್ಕ ಕೊಡೋ ಇಸವಿ ಆ ಪದ ಹುಟ್ಟಿದ್ದಲ್ಲ, ಬರಹದಲ್ಲಿ ಸಿಕ್ಕಿರೋ ಮೊದಲ ದಾಖಲೆಯದ್ದು. ಎಂಟ್ರಿಗಳೂ ಚಿಕ್ಕವು, ಸೆನೆಟ್‌ನ ಇಡೀ ಕಥೆ ಬೇಕು ಅಂದ್ರೆ ಇತಿಹಾಸದ ಪುಸ್ತಕನೇ ಹಿಡೀಬೇಕು. ಅದಕ್ಕೆ ಅರ್ಧ ಸ್ಟಾರ್ ಕಟ್, 5ಕ್ಕೆ 4.5.