ನಾಟಕದಿಂದ ಬಂದ ನಾಲ್ಕು ಇಂಗ್ಲಿಷ್ ಒಪೆರಾ, ಮತ್ತೆ ಕಳೆದುಹೋದ ಒಂದು ಪುಸ್ತಕ

ಪೂರ್ತಿ ಓದೋಕೆ ಪುರುಸೊತ್ತು ಇಲ್ದೋರಿಗೆ ಮೊದಲೇ ಹೇಳಿಬಿಡ್ತೀನಿ, ವಿಲಿಯಂ ಬೋಲ್ಕಮ್ ಮಾಡಿರೋ 'ಎ ವ್ಯೂ ಫ್ರಮ್ ದ ಬ್ರಿಡ್ಜ್' ಒಪೆರಾದ ಸಿಡಿ ತಗೊಂಡು ಸುಮ್ನಾಗಿ. ಎರಡು ತಿಂಗಳು ತಲೆ ಕೆಡಿಸ್ಕೊಂಡು, ದುಡ್ಡೂ ಸುರಿದು ನಾನು ಅಲ್ಲಿಗೆ ಹೆಂಗೆ ಬಂದು ಮುಟ್ಟಿದೆ ಅನ್ನೋದೇ ಮಿಕ್ಕ ಕಥೆ.

ನಂದು ಹವ್ಯಾಸಿ ನಾಟಕದ ಹಿನ್ನೆಲೆ, ಲೈಟಿಂಗ್ ಮಾಡ್ತಿದ್ದೆ, ಆಗೀಗ ಒಂದು ಸಣ್ಣ ಪಾರ್ಟು. ಒಪೆರಾ, ಅಂದ್ರೆ ಮಾತನ್ನೂ ಹಾಡೇ ಹೇಳೋ ನಾಟಕ, ಇಟಾಲಿಯನ್ನು ಜರ್ಮನ್ನು, ನಮಗ್ಯಾಕೆ ಅಂತ ದೂರ ಇದ್ದವನಿಗೆ ನಾನು ಓದಿರೋ ನಾಟಕಗಳನ್ನೇ ಇಂಗ್ಲಿಷಲ್ಲೇ ಒಪೆರಾ ಮಾಡಿದಾರೆ ಅಂತ ಗೊತ್ತಾದಾಗ ಖುಷಿಯೋ ಖುಷಿ. ಭಾಷೆ ಬರುತ್ತೆ, ಕಥೆ ಗೊತ್ತು, ಕೂತು ಕೇಳೋದಷ್ಟೇ ಅನ್ಕೊಂಡೆ. ಅಲ್ಲೇ ಎಡವಿದ್ದು.

ಮೊದಲು ತಗೊಂಡಿದ್ದು ಆಂಡ್ರೆ ಪ್ರೆವಿನ್ ಅವರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್'. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಒಪೆರಾದಲ್ಲಿ ಮೊದಲ ಪ್ರದರ್ಶನ, ನಾಯಕಿ ಬ್ಲಾಂಚ್ ಪಾತ್ರಕ್ಕೆ ಗಾಯಕಿ ರೆನೆ ಫ್ಲೆಮಿಂಗ್. ಇದಕ್ಕೆ ಮೂಲವಾದ ಟೆನೆಸ್ಸಿ ವಿಲಿಯಮ್ಸ್ ನಾಟಕ ನಂಗೆ ಹೆಚ್ಚುಕಮ್ಮಿ ಬಾಯಿಪಾಠ, ಹಂಗಾಗಿ ಯೋಚನೆನೇ ಮಾಡ್ದೆ ಮೂರು ಸಿಡಿಯ ಹಳೇ ಬಾಕ್ಸ್ ಒಂದನ್ನ ಆನ್‌ಲೈನಲ್ಲಿ ಸೆಕೆಂಡ್‌ಹ್ಯಾಂಡ್ ತರಿಸಿದೆ. ಡಿಸ್ಕ್ ಮೇಲೆ ಒಂದು ಗೀರಿಲ್ಲ. ಆದ್ರೆ ಒಳಗೆ ಇರಬೇಕಾದ ಪುಸ್ತಕ, ಅಂದ್ರೆ ಹಾಡೋ ಮಾತೆಲ್ಲ ಅಚ್ಚಾಗಿರುತ್ತಲ್ಲ ಆ ಲಿಬ್ರೆಟೊ, ಅದೇ ಇಲ್ಲ. ಮಾರಿದೋನಿಗೆ ಬರೆದ್ರೆ 'ಸಿಡಿ ಓಡ್ತಿದೆ ತಾನೇ' ಅಂತ ಉತ್ತರ.

ಪುಸ್ತಕ ಹೋದ್ರೆ ಹೋಗ್ಲಿ, ಇಂಗ್ಲಿಷೇ ಅಲ್ವಾ ಅಂತ ಹೆಡ್‌ಫೋನ್ ಹಾಕಿ ಕೂತೆ. ಹತ್ತು ನಿಮಿಷ ಆದ್ಮೇಲೂ ಹತ್ತರಲ್ಲಿ ಮೂರು ಮಾತು ಸಿಕ್ಕಿದ್ರೆ ಹೆಚ್ಚು. ಇದು ಫ್ಲೆಮಿಂಗ್ ತಪ್ಪಲ್ಲ, ನನ್ನ ಕಿವಿ ತಪ್ಪೂ ಅಲ್ಲ. ಹೆಂಗಸರ ಧ್ವನಿ ಒಂದು ಮಟ್ಟ ದಾಟಿ ಮೇಲೆ ಹೋದ್ರೆ ಆ, ಇ, ಊ ಎಲ್ಲ ಒಂದೇ ಥರ ಕೇಳ್ಸುತ್ತೆ, ಯಾಕಂದ್ರೆ ಯಾವ ಅನುರಣನದಿಂದ ನಾವು ಸ್ವರಾಕ್ಷರ ಗುರುತು ಹಿಡೀತೀವೋ ಅದಕ್ಕಿಂತ ಶ್ರುತಿನೇ ಮೇಲೆ ಹೋಗಿರುತ್ತೆ. ಇದನ್ನ ಆಮೇಲೆ ಓದಿ ತಿಳ್ಕೊಂಡೆ. ಅವತ್ತು ರಾತ್ರಿ ಮಾತ್ರ ರಾಗಾಲಾಪನೆ ಒಳಗೆ ಸಾಹಿತ್ಯ ಹುಡುಕ್ತಾ ಕೂತವನ ಪಾಡು.

ಸರಿ, ನಾಟಕದ ಪುಸ್ತಕನೇ ಇದೆಯಲ್ಲ, ಅದನ್ನ ತೊಡೆ ಮೇಲೆ ಇಟ್ಕೊಂಡು ಕೇಳೋಣ ಅಂತ ಶುರು ಮಾಡಿದೆ. ಇದು ಇನ್ನೂ ದೊಡ್ಡ ಕಿರಿಕಿರಿ. ಫಿಲಿಪ್ ಲಿಟೆಲ್ ಬರೆದಿರೋ ಲಿಬ್ರೆಟೊ ನಾಟಕಕ್ಕೆ ತುಂಬಾ ಹತ್ತಿರ, ಆದ್ರೆ ಪೂರ್ತಿ ಅದೇ ಅಲ್ಲ. ಒಂದು ಸಾಲು ಸಿಗುತ್ತೆ, ಹಾ ಸಿಕ್ತು ಅಂತ ಬೆರಳಿಟ್ಟೆ ಅನ್ನಿ, ಮುಂದಿನ ನಾಲ್ಕು ಸಾಲು ಮಾಯ, ಪುಟ ಮಗುಚೋ ಹೊತ್ತಿಗೆ ಹಾಡು ಮುಂದಕ್ಕೆ ಹೋಗಿರುತ್ತೆ, ಪಾಜ್ ಮಾಡು, ಹಿಂದಕ್ಕೆ ಹೋಗು, ಮತ್ತೆ ಪ್ಲೇ, ಹಿಂಗೇ ಮೊದಲನೇ ಸಿಡಿಗೇ ಮೂರು ರಾತ್ರಿ ಹೋಯ್ತು. ನಮ್ಮ ಯಕ್ಷಗಾನದಲ್ಲಿ ಈ ತಾಪತ್ರಯಕ್ಕೆ ಎಷ್ಟು ಸಲೀಸಾದ ದಾರಿ ಇದೆ ನೋಡಿ, ಭಾಗವತರು ಪದ್ಯ ಹಾಡ್ತಾರೆ, ಕೇಳಿಸಿಲ್ಲ ಅಂದ್ರೂ ಪರವಾಗಿಲ್ಲ, ಆಮೇಲೆ ವೇಷಧಾರಿ ಅರ್ಥ ಹೇಳ್ತಾನೆ. ಬ್ಲಾಂಚ್‌ಗೆ ಅರ್ಥ ಹೇಳೋರು ಯಾರೂ ಇಲ್ಲ.

ಸಂಗೀತ ಕೆಟ್ಟದ್ದು ಅಂತಲ್ಲ. ಬ್ಲಾಂಚನ್ನ ಮದುವೆ ಆಗೋ ಯೋಚನೆಲಿದ್ದ ಮಿಚ್ ಬಂದು ಅವಳ ಮುಖ ಬೆಳಕಲ್ಲಿ ನೋಡ್ಲೇಬೇಕು ಅಂತ ಹಟ ಹಿಡಿಯೋ ದೃಶ್ಯದಲ್ಲಿ 'ಐ ವಾಂಟ್ ಮ್ಯಾಜಿಕ್' ಅನ್ನೋ ಏರಿಯಾ, ಅಂದ್ರೆ ಒಬ್ಬರೇ ಹಾಡೋ ಪೂರ್ತಿ ಹಾಡು, ಬರುತ್ತೆ, ಲೈಟಿಂಗ್ ಮಾಡಿದವನಿಗೆ ಅದನ್ನ ಕೇಳಿ ಸುಮ್ನೆ ಇರೋಕಾಗಲ್ಲ. ಆದ್ರೆ ಉಳಿದ ಕಡೆ ಮಾತು ಜಾಸ್ತಿ, ಹಾಡು ಕಮ್ಮಿ. ಪ್ರೆವಿನ್ ಸಿನಿಮಾ ಸಂಗೀತಕ್ಕೆ 4 ಆಸ್ಕರ್ ತಗೊಂಡವರು, ಇಲ್ಲೂ ಎಷ್ಟೋ ಕಡೆ ಆರ್ಕೆಸ್ಟ್ರಾ ಸಿನಿಮಾದ ಹಿನ್ನೆಲೆ ಥರ ಹಿಂದಿಂದ ಬರ್ತಾ ಇರುತ್ತೆ, ಪಾತ್ರಗಳು ಡೈಲಾಗ್ ಎಳೆದೆಳೆದು ಹೇಳ್ತಿರ್ತಾರೆ. ಬ್ಲಾಂಚ್ ತಂಗಿಯ ಗಂಡ ಸ್ಟ್ಯಾನ್ಲಿಗಂತೂ ಒಂದು ಏರಿಯಾನೂ ಇಲ್ಲ. ಬೇಕಂತಲೇ ಹಂಗೆ ಬಿಟ್ಟಿರಬಹುದು, ನಂಗೆ ಮಾತ್ರ ಹಸಿವಲ್ಲೇ ಎದ್ದು ಬಂದ ಹಾಗಾಯ್ತು.

ಬೋಲ್ಕಮ್ ಅವರದ್ದು ಇದಾಗಿ ಒಂದೇ ವರ್ಷಕ್ಕೆ, 1999ರಲ್ಲಿ, ಶಿಕಾಗೋದ ಲಿರಿಕ್ ಒಪೆರಾದಲ್ಲಿ ಬಂದಿದ್ದು. ಇಲ್ಲಿ ಆರ್ನಲ್ಡ್ ವೈನ್‌ಸ್ಟೈನ್ ಜೊತೆ ಲಿಬ್ರೆಟೊಗೆ ಕೂತಿದ್ದು ಸ್ವತಃ ಆರ್ಥರ್ ಮಿಲ್ಲರ್. ನಾಟಕ ಬರೆದವನೇ ಕತ್ತರಿ ಹಿಡಿದ್ರೆ ಭಯ ಇರಲ್ಲ ಅನ್ಸುತ್ತೆ, ಮಾತು ಕಿತ್ತು ಬಿಸಾಕಿ ಹಾಡಿಗೆ ಜಾಗ ಮಾಡಿಕೊಟ್ಟಿದಾರೆ. ಬ್ರೂಕ್ಲಿನ್‌ನ ರೆಡ್ ಹುಕ್‌ನಲ್ಲಿ ಹಡಗಿನ ಸರಕು ಇಳಿಸೋ ಎಡ್ಡಿ, ಹೆಂಡತಿ ಬಿಯಾಟ್ರಿಸ್, ಅವಳ ಅಕ್ಕನ ಮಗಳು ಕ್ಯಾಥರೀನ್, ಕಾಗದಪತ್ರ ಇಲ್ದೆ ಸಿಸಿಲಿಯಿಂದ ಬಂದು ಇವರ ಮನೆ ಸೇರ್ಕೊಂಡ ಇಬ್ಬರು ಅಣ್ಣತಮ್ಮಂದಿರು. ನಾಟಕದಲ್ಲಿ ಆಲ್ಫಿಯೇರಿ ಅನ್ನೋ ವಕೀಲ ಒಬ್ಬನೇ ಕಥೆ ಹೇಳ್ತಾನಲ್ಲ, ಒಪೆರಾದಲ್ಲಿ ಅವನ ಜೊತೆಗೆ ಇಡೀ ಕೇರಿನೇ ಮೇಳ ಆಗಿ ನಿಲ್ಲುತ್ತೆ. ತಮ್ಮ ರೊಡಾಲ್ಫೊ ನಾಟಕದಲ್ಲೇ ಹಾಡೋ ಹುಡುಗ, ಹಂಗಾಗಿ ಅವನು ಬಾಯ್ಬಿಟ್ರೆ ಯಾಕಪ್ಪಾ ಹಾಡ್ತಿದಾನೆ ಅನ್ನೋ ಪ್ರಶ್ನೆನೇ ಬರಲ್ಲ. ಅವನ 'ನ್ಯೂಯಾರ್ಕ್ ಲೈಟ್ಸ್' ಮೊದಲ ಸಲ ಕೇಳಿದಾಗಲೇ ಪದ ಪದನೂ ಸಿಕ್ತು, ಯಾವ ಪುಸ್ತಕನೂ ಕೈಲಿರಲಿಲ್ಲ. ಎಡ್ಡಿ ಗಂಡಸಿನ ಇಳಿದ ದನಿ, ಅದೂ ಒಂದು ಅನುಕೂಲ. ಎರಡೇ ಸಿಡಿ, ಒಂದು ರಾತ್ರಿಗೆ ಒಂದು ಅಂಕ, ಎರಡು ರಾತ್ರಿಲಿ ಮುಗೀತು. ಅಲ್ಲಲ್ಲಿ ಬ್ರಾಡ್‌ವೇ, ಅಂದ್ರೆ ನ್ಯೂಯಾರ್ಕ್‌ನ ಜನಪ್ರಿಯ ಸಂಗೀತ ನಾಟಕಗಳ, ವಾಸನೆ ಹೊಡಿಯುತ್ತೆ ಅಂತ ಮೂಗು ಮುರಿಯೋರು ಇದಾರೆ. ಕಂಪನಿ ನಾಟಕದ ಹಾಡು ಕೇಳ್ಕೊಂಡು ಬೆಳೆದವನು ನಾನು, ನಂಗದು ದೂರೇ ಅಲ್ಲ.

ಥಾಮಸ್ ಅಡೆಸ್ ಅವರ 'ದ ಟೆಂಪೆಸ್ಟ್' (ಲಂಡನ್, 2004) ನೋಡೋಕೆ ಮಾತ್ರ ತಗೊಳ್ಳಿ, ಬರೀ ಕೇಳೋಕೆ ಬೇಡ. ಮೆರೆಡಿತ್ ಓಕ್ಸ್ ಶೇಕ್ಸ್‌ಪಿಯರ್ ಸಾಲುಗಳನ್ನ ಪಕ್ಕಕ್ಕಿಟ್ಟು ಪ್ರಾಸ ಹಾಕಿರೋ ಪುಟ್ಟ ಪುಟ್ಟ ದ್ವಿಪದಿ ಬರೆದಿದಾರೆ, ಹಂಗಾಗಿ ಮೂಲ ನಾಟಕ ಇಟ್ಕೊಂಡು ಕೂತ್ರೆ ಏನೂ ಪ್ರಯೋಜನ ಇಲ್ಲ. ಏರಿಯಲ್ ಅನ್ನೋ ಮಾಯಾಜೀವಿಯ ದನಿ ಅಂತೂ ಆಕಾಶದಲ್ಲೇ ಇರುತ್ತೆ, ಒಂದಕ್ಷರ ನೆಲಕ್ಕೆ ಬೀಳಲ್ಲ. ಆದ್ರೆ ನ್ಯೂಯಾರ್ಕ್‌ನ ಮೆಟ್ ಒಪೆರಾದ ಡಿವಿಡಿಲಿ ಕೆಳಗೆ ಅಕ್ಷರ ಬರುತ್ತೆ, ನಿರ್ದೇಶಕ ರಾಬರ್ಟ್ ಲೆಪಾಜ್ ರಂಗದ ಮೇಲೆ ಇಟಲಿಯ ಲಾ ಸ್ಕಾಲಾ ಥಿಯೇಟರನ್ನೇ ಎಬ್ಬಿಸಿ ನಿಲ್ಲಿಸಿದಾರೆ, ಅದನ್ನ ಬಾಯ್ಬಿಟ್ಕೊಂಡು ನೋಡಿದೆ.

ಜೆರಾಲ್ಡ್ ಬ್ಯಾರಿ 'ದ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್'ನಲ್ಲಿ ಆಸ್ಕರ್ ವೈಲ್ಡ್ ಮಾತನ್ನ ಮೂರರಲ್ಲಿ ಎರಡು ಪಾಲು ಕತ್ತರಿಸಿದಾರೆ, ಲೇಡಿ ಬ್ರ್ಯಾಕ್‌ನೆಲ್ ಪಾತ್ರ ಗಂಡಸಿನ ಬಾಸ್ ದನಿಗೆ, ಅಂದ್ರೆ ತೀರಾ ಇಳಿದ ದನಿಗೆ, ಇಬ್ಬರು ಹುಡುಗೀರ ಜಗಳದಲ್ಲಿ ತಾಳಕ್ಕೆ ಸರಿಯಾಗಿ 40 ತಟ್ಟೆ ಒಡೀತಾರೆ. ಸ್ಪೀಕರಲ್ಲಿ ಹಾಕಿದ್ದೆ, ಅಮ್ಮ ಅಡುಗೆಮನೆಗೆ ಓಡಿದ್ರು. ನಕ್ಕು ನಕ್ಕು ಸಾಕಾಯ್ತು, ಎರಡನೇ ಸಲ ಹಾಕಿಲ್ಲ.

ನಾನು ಕೇಳೋದು ರಾತ್ರಿ ಹತ್ತರ ಮೇಲೆ, ಲೈಟ್ ಆರಿಸಿ, ಕಣ್ಣು ಮುಚ್ಕೊಂಡು, ಮಧ್ಯ ಎದ್ದು ಪುಟ ತಿರುಗಿಸೋ ವ್ಯವಧಾನ ಇಲ್ಲ, ಮತ್ತೆ ಒಂದು ಸೆಟ್‌ಗೆ ಸಾವಿರದ ಐನೂರರ ಮೇಲೆ ಮನಸ್ಸು ಬರಲ್ಲ. ಅಂಥವರಿಗೆ ಬೋಲ್ಕಮ್. ದೊಡ್ಡ ಟಿವಿ, ಖಾಲಿ ಭಾನುವಾರ ಇರೋರು ಅಡೆಸ್ ನೋಡಿ.

ಸ್ಟ್ರೀಟ್‌ಕಾರ್ ಬಾಕ್ಸ್ ಯಾರಿಗಾದ್ರೂ ಬೇಕಿದ್ರೆ ಹೇಳಿ, ಅರ್ಧ ಬೆಲೆಗೆ ಕೊಡ್ತೀನಿ. ಪುಸ್ತಕ ಇಲ್ಲ ಅಂತ ನಾನು ಮೊದಲೇ ಹೇಳಿದೀನಿ.