ವೀಲ್‌ಚೇರ್, ಕೈ ಸೈಕಲ್, ಈಜುಕೊಳ: ಮೂರನ್ನೂ ಮಾಡಿ ನೋಡಿದೆ

ಚಿಕ್ಕಂದಿನಲ್ಲೇ ಪೋಲಿಯೊ ಬಂದು ನನ್ನ ಎರಡೂ ಕಾಲು ಸೋತಿವೆ. ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್ ಬಂದ ಮೇಲೆ ಓಡಾಟ ಸಲೀಸಾಯಿತು, ಆದರೆ ಮೈಗೆ ಕೆಲಸವಿಲ್ಲದೆ ತೂಕ ಏರಿತು, ಮಂಚದಿಂದ ವೀಲ್‌ಚೇರಿಗೆ ದಾಟುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಅಂಗವಿಕಲರೂ ವಾರಕ್ಕೆ 150ರಿಂದ 300 ನಿಮಿಷ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸರಿ, ಹೇಗೆ? ಮೂರು ದಾರಿಯನ್ನು ಎರಡೆರಡು ತಿಂಗಳು ಹಿಡಿದು ನೋಡಿದೆ.

ಮೊದಲು ವೀಲ್‌ಚೇರ್. ಖರ್ಚಿಲ್ಲ, ಮನೆ ಮುಂದಿನ ರಸ್ತೆಯಲ್ಲೇ ಸುತ್ತು ಹಾಕಬಹುದು. ಮೂರನೇ ವಾರಕ್ಕೆ ಭುಜ ಹಿಡಿಯಿತು. ಚುಟುಕಾಗಿ ಪದೇ ಪದೇ ತಳ್ಳಬೇಡಿ, ರಿಮ್ಮನ್ನು ಉದ್ದಕ್ಕೆ ಒಂದೇ ಸಲ ತಳ್ಳಿ, ಕೈಯನ್ನು ಕೆಳಗೆ ಇಳಿಬಿಟ್ಟು ವಾಪಸ್ ತನ್ನಿ ಅಂದರು ಫಿಸಿಯೋಥೆರಪಿಸ್ಟ್. ನೋವು ಇಳಿಯಿತು. ಆದರೂ ಭಯ ಹೋಗಲಿಲ್ಲ. ಹಾಸಿಗೆ, ಬಚ್ಚಲು, ಸ್ಕೂಟರ್, ಎಲ್ಲಕ್ಕೂ ನಾನು ದಾಟುವುದು ಈ ಭುಜದ ಮೇಲೇ ಅಲ್ವಾ?

ಈಜುಕೊಳ ಮೈಗೆ ಎಲ್ಲಕ್ಕಿಂತ ಹಿತ. ಎದೆ ಮಟ್ಟದ ನೀರಿನಲ್ಲಿ ಭಾರದ ದೊಡ್ಡ ಪಾಲನ್ನು ನೀರೇ ಹೊರುತ್ತದೆ. ಕಂಬಿ ಹಿಡಿದು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಇಲ್ಲದೆ ನಿಂತೆ, ಕಣ್ಣು ತುಂಬಿ ಬಂತು. ಆದರೆ ನಾನು ಹೋದ ಕೊಳದಲ್ಲಿ ಬಟ್ಟೆ ಬದಲಿಸುವ ಕೋಣೆಗೆ ನಾಲ್ಕು ಮೆಟ್ಟಿಲು, ಎತ್ತಿ ಇಳಿಸಲು ಪ್ರತಿ ಸಲ ಇಬ್ಬರು ಬೇಕು. ಪೋಲಿಯೊ ಕಾಲಿಗೆ ಚಳಿ ಬೇರೆ ಜಾಸ್ತಿ ಹತ್ತುತ್ತದೆ, ಡಿಸೆಂಬರಿನಲ್ಲಿ ಕಾಲು ನೀಲಿಗಟ್ಟಿತು. ಈಗ ತಮ್ಮನಿಗೆ ಬಿಡುವಿದ್ದ ಭಾನುವಾರ ಮಾತ್ರ ಹೋಗುತ್ತೇನೆ.

ನಾನು ಉಳಿಸಿಕೊಂಡಿದ್ದು ಕೈಯಿಂದ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್ಲನ್ನು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯ ಶಿಬಿರದಲ್ಲಿ ಸಿಕ್ಕಿದ, ಸರ್ಕಾರಿ ಕಂಪನಿ ಅಲಿಮ್ಕೋದ ಗಾಡಿ, ಸ್ಕೂಟರ್ ಬಂದ ಮೇಲೆ ಸುಮ್ನೆ ಮೂಲೆಯಲ್ಲಿ ನಿಂತಿತ್ತು. ಭಾರ ಇದೆ, ಏರು ಬಂದರೆ ಬೆವರು ಕಿತ್ತು ಬರುತ್ತದೆ. ಆದರೆ ಪೆಡಲ್ ಎದೆಯ ಮುಂದೆ ಇರುವುದರಿಂದ ನನ್ನ ಭುಜ ಇಲ್ಲಿ ನೋಯಲಿಲ್ಲ. ಪಂಕ್ಚರ್ ಆದರೆ, ಚೈನ್ ಬಿದ್ದರೆ ಬೀದಿಯ ಸೈಕಲ್ ಅಂಗಡಿಯವರೇ ಸರಿ ಮಾಡುತ್ತಾರೆ, ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರಕ್ಕೆ ನಾನು ಊರೆಲ್ಲ ಅಲೆದಿದ್ದೆ. ಮುಖ್ಯವಾಗಿ, ಯಾರನ್ನೂ ಕರೆಯದೆ ಹೊರಡಬಹುದು. ಹಾಲಿನ ಅಂಗಡಿ, ತರಕಾರಿ, ಗೆಳೆಯನ ಮನೆ ಅಂತ ಹೋಗಿ ಬರುವಷ್ಟರಲ್ಲಿ ನಲವತ್ತು ನಿಮಿಷ ತುಂಬಿರುತ್ತದೆ. ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಪೋಲಿಯೊ ಆದವರು ಒಂದು ಗಮನಿಸಿ: ಮಾರನೇ ದಿನವೂ ತೋಳು ಸೋತಂತಿದ್ದರೆ ಹಿಂದಿನ ದಿನ ಜಾಸ್ತಿಯಾಗಿದೆ ಅಂತ ಅರ್ಥ, ಹಟ ಮಾಡದೆ ಕಡಿಮೆ ಮಾಡಿ.

ತೊಂದರೆ ಇರುವುದು ಪಾರ್ಕಿನ ಬಾಗಿಲಲ್ಲಿ. ಬೈಕ್ ಬರಬಾರದು ಅಂತ ಕಂಬ ನೆಟ್ಟಿದ್ದಾರೆ, ಟೇಪ್ ಹಿಡಿದು ಅಳೆದೆ, ನಡುವೆ 58 ಸೆಂಟಿಮೀಟರ್. ಸೈಕಲ್ ಇರಲಿ, ನನ್ನ ವೀಲ್‌ಚೇರೂ ತೂರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರು ಬರೆದು, ಫೋಟೋ ಅಂಟಿಸಿ ಅರ್ಜಿ ಕೊಟ್ಟಿದ್ದೇನೆ. ನಡುವಿನ ಒಂದು ಕಂಬ ಕಿತ್ತರೆ ಸಾಕು, ಒಳಗಿನ ದಾರಿ ಪೂರ್ತಿ ಸಮತಟ್ಟಾಗಿದೆ.