ನೋವನ್ನೂ ಮನಸ್ಸನ್ನೂ ಒಟ್ಟಿಗೆ ವಿಚಾರಿಸುವ ಕ್ಲಿನಿಕ್: ಬಳ್ಳಾರಿಯಲ್ಲಿ ನನ್ನ ಏಳು ತಿಂಗಳು

ಏಳು ತಿಂಗಳಿಂದ ಈ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಡಾಕ್ಟರ್ ಮೇಡಂ ಹತ್ತಿರ 6 ಸಲ, ಗುರುವಾರ ಬರುವ ಕೌನ್ಸೆಲರ್ ಹತ್ತಿರ 11 ಸಲ ಕೂತಿದ್ದೇನೆ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರುವ, ಅಥವಾ ಇದೆಯೇನೋ ಎಂದು ಅಂಜುತ್ತಿರುವ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು. ನನಗೆ 31 ವರ್ಷ. ತವರು ಸಿರುಗುಪ್ಪ, ಮದುವೆಯಾಗಿ ಬಂದದ್ದು ಬಳ್ಳಾರಿಗೆ. ಇಲ್ಲಿ ಒಂದು ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. 18ನೇ ವಯಸ್ಸಿನಿಂದ ಮುಟ್ಟಿನ ನೋವು. ಬಿಸಿನೀರಿನ ಬ್ಯಾಗ್ ಇಟ್ಟು ಮಲಗಿದರೆ ಹೋಗುವಂಥದ್ದಲ್ಲ. ಬಚ್ಚಲಲ್ಲಿ ಗೋಡೆ ಹಿಡಿದು ಕೂತರೆ ಏಳಲು ಆಗುತ್ತಿರಲಿಲ್ಲ. ಸಂಡಾಸಿಗೆ ಕೂತಾಗ ಜೀನ್ಸ್ ಹೊಲಿಯುವ ದಪ್ಪ ಸೂಜಿ ಒಳಗೇ ಓಡಿದ ಹಾಗೆ ಆಗುತ್ತಿತ್ತು. ಅವ್ವ ಹೇಳುತ್ತಿದ್ದಳು, "ಎಲ್ಲರಿಗೂ ಆಗೋದೇ ಐತವ್ವಾ, ತಡ್ಕೋಬೇಕು." ಅವಳ ತಪ್ಪಲ್ಲ. ಅವಳಿಗೂ ಯಾರೋ ಹಾಗೇ ಹೇಳಿದ್ದರು.

ಎರಡು ಸಲ ಸ್ಕ್ಯಾನಿಂಗ್ ಆಯಿತು. ಎರಡು ಸಲವೂ ನಾರ್ಮಲ್. ಆಗ ಒಬ್ಬ ಡಾಕ್ಟರ್, ಬೇರೆ ಕಡೆಯವರು, ಫೈಲ್ ಮುಚ್ಚಿ ಹೇಳಿದರು: "ಏನೂ ಇಲ್ಲಮ್ಮಾ, ಎಲ್ಲಾ ಮನಸ್ಸಿಂದು. ಒಂದು ಮಗು ಆದ್ರೆ ಸರಿಹೋಗುತ್ತೆ." ಆವತ್ತು ಆಟೋದಲ್ಲಿ ಮನೆಗೆ ಬರುವಾಗ ನನ್ನ ತಲೆಯೇ ಕೆಟ್ಟಿದೆ ಎಂದು ನಂಬಿಬಿಟ್ಟೆ. ಮೂರು ವರ್ಷ ಆ ನಂಬಿಕೆಯಲ್ಲೇ ಕಳೆದೆ. ನೋವು ಬಂದರೆ ಯಾರಿಗೂ ಹೇಳುತ್ತಿರಲಿಲ್ಲ. 29ಕ್ಕೆ ಎಡ ಅಂಡಾಶಯದಲ್ಲಿ 4 ಸೆಂಟಿಮೀಟರ್‌ನ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಚೀಲದಂಥ ಗಂಟು) ಕಂಡ ಮೇಲೆ ಕಾಯಿಲೆಗೆ ಒಂದು ಹೆಸರು ಸಿಕ್ಕಿತು. ಹೆಸರು ಸಿಗಲು 11 ವರ್ಷ ಬೇಕಾಯಿತು. ಇದು ನನ್ನೊಬ್ಬಳ ಪಾಡಲ್ಲ. ಮುಟ್ಟಾಗುವ ವಯಸ್ಸಿನ ಹತ್ತು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುತ್ತದಂತೆ.

ಹೆಸರು ಗೊತ್ತಾದ ಮೇಲೂ ಸುಮಾರು ಒಂದೂವರೆ ವರ್ಷ ಸುಮ್ನೆ ಮಾತ್ರೆ ನುಂಗಿಕೊಂಡಿದ್ದೆ. ಆಮೇಲೆ ಇಲ್ಲಿಗೆ ಬಂದೆ.

ಕ್ಲಿನಿಕ್ ಮೊದಲ ಮಹಡಿಯಲ್ಲಿದೆ. 22 ಮೆಟ್ಟಿಲು, ಲಿಫ್ಟ್ ಇಲ್ಲ. ಹೊಟ್ಟೆನೋವಿನವರು ಬರುವ ಜಾಗಕ್ಕೆ ಇದು ದೊಡ್ಡ ಕೊರತೆ. ಡಾಕ್ಟರ್ ಫೀಸು 400 ರೂಪಾಯಿ, ಕೌನ್ಸೆಲಿಂಗ್ 45 ನಿಮಿಷಕ್ಕೆ 500. ನನ್ನ ಸಂಬಳಕ್ಕೆ ಇದು ಕಮ್ಮಿ ಅಲ್ಲ. ಆದರೆ ಸುಮ್ಮನೆ ಟೆಸ್ಟ್ ಬರೆಯುವುದಿಲ್ಲ. ಹಳೇ ರಿಪೋರ್ಟ್ ಒಂದೊಂದನ್ನೂ ಓದಿದರು. ಆ ಎರಡು 'ನಾರ್ಮಲ್' ಸ್ಕ್ಯಾನಿಂಗ್ ನೋಡಿ ಮೇಡಂ ಹೇಳಿದ ಮಾತು ನೆನಪಿದೆ: "ಸಣ್ಣ ಸಣ್ಣ ಚುಕ್ಕೆ ಇದ್ರೆ ಸ್ಕ್ಯಾನಿಂಗ್‌ನಲ್ಲಿ ಕಾಣಲ್ಲಮ್ಮಾ. ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ." ನಾನು ಅಲ್ಲೇ ಅತ್ತುಬಿಟ್ಟೆ. ಮೇಡಂ ಟಿಶ್ಯೂ ಕೊಟ್ಟು, ಮುಂದಿನ ಪೇಷೆಂಟ್ ಕರೆಯಲಿಲ್ಲ. ಕಾದರು.

ಆಮೇಲೆ ಕೇಳಿದರು, "ಏನು ಕೆಲಸ ಮಾಡ್ತೀರಿ?" ಜೀನ್ಸ್ ಘಟಕ ಎಂದೆ. "ಹಂಗಾದ್ರೆ ಈಗ ತಿಳಿಯುತ್ತೆ ನೋಡಿ" ಎಂದು ಶುರು ಮಾಡಿದರು. ಹೊಲಿಗೆ ಮಷಿನ್ ಓಡುವ ಕಡೆ ದಿನವಿಡೀ ನೂಲಿನ ತುಂಡು, ಬಟ್ಟೆಯ ಚೂರು ಬೀಳುತ್ತಲೇ ಇರುತ್ತದೆ, ಸಂಜೆ ಗುಡಿಸುವವರು ಬಂದು ಎತ್ತುತ್ತಾರೆ ಅಲ್ವಾ? ಮುಟ್ಟಿನ ರಕ್ತವೂ ಪೂರ್ತಿ ಹೊರಗೆ ಬರುವುದಿಲ್ಲವಂತೆ. ಸ್ವಲ್ಪ ಭಾಗ, ಗರ್ಭಕೋಶದ ಒಳಪದರದ ಚೂರುಗಳ ಸಮೇತ, ಅಂಡನಾಳದ ಮೂಲಕ ಹಿಂದಕ್ಕೆ, ಹೊಟ್ಟೆಯೊಳಗೆ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಹೆಂಗಸರಲ್ಲಿ ಹೀಗೇ ಆಗುತ್ತದೆ. ಬಹಳಷ್ಟು ಜನರಲ್ಲಿ ಮೈಯ ರಕ್ಷಣಾ ಕಣಗಳು ಅದನ್ನು ಗುಡಿಸಿ ತೆಗೆಯುತ್ತವೆ. ನಮ್ಮಂಥವರಲ್ಲಿ ಮಾತ್ರ ಆ ಕೆಲಸ ಕೆಡುತ್ತದೆ.

ಕೆಡುವುದು ಅಂದರೆ ಗುಡಿಸುವವರು ಬರುವುದಿಲ್ಲ ಎಂದಲ್ಲ. ಇದನ್ನು ನಾನು ಎರಡು ಸಲ ಕೇಳಿ ತಿಳಿದುಕೊಂಡೆ. ಮ್ಯಾಕ್ರೋಫೇಜ್ ಎಂಬ ಕಣಗಳು ಜಾಸ್ತಿಯೇ ಬರುತ್ತವೆ. ಬಂದು ಕಸ ಎತ್ತುವ ಬದಲು ಉರಿಯೂತದ ವಸ್ತುಗಳನ್ನು ಬಿಡುತ್ತಾ ಕೂರುತ್ತವೆ. ಅದರಿಂದ, ಅಲ್ಲೇ ಅಂಟಿಕೊಂಡು ಚುಕ್ಕೆಗಳಾದ ಆ ಚೂರುಗಳಿಗೆ ಹೊಸ ರಕ್ತನಾಳ ಬೆಳೆಯುತ್ತದೆ, ಹೊಸ ನರದ ಎಳೆಯೂ ಬೆಳೆಯುತ್ತದೆ. ನೋವು ಅಷ್ಟು ಜಾಸ್ತಿ ಇರುವುದು ಅದಕ್ಕೇ. ಇನ್ನೊಂದು ಕಡೆ, ದಾರಿ ತಪ್ಪಿದ ಕಣಗಳನ್ನು ಕೊಲ್ಲಬೇಕಾದ ಎನ್‌ಕೆ ಕೋಶಗಳು ಮಂದವಾಗಿರುತ್ತವೆ. ಇಡೀ ಕಾಯಿಲೆಗೆ ಇದೊಂದೇ ಕಾರಣ ಅಲ್ಲ, ಹಾರ್ಮೋನ್ ಇದೆ, ಮನೆತನದ ಗುಣವೂ ಇದೆ ಎಂದು ಮೇಡಂ ಬಿಡಿಸಿ ಹೇಳಿದರು.

ಇದನ್ನು ಇಷ್ಟುದ್ದ ಬರೆಯಲು ಕಾರಣ ಇದೆ. 'ನನ್ನ ಇಮ್ಯುನಿಟಿ ಕಮ್ಮಿ' ಎಂದುಕೊಂಡು ನಾನು ಆರು ತಿಂಗಳು ಯಾವುದೋ ಪೌಡರ್ ತರಿಸಿ ಕುಡಿದಿದ್ದೆ. ಡಬ್ಬಕ್ಕೆ 900 ರೂಪಾಯಿ. ಮೇಡಂ ಕೇಳಿದರು: "ಕಮ್ಮಿ ಆಗಿದ್ರೆ ತಾನೇ ಜಾಸ್ತಿ ಮಾಡೋದು? ನಿಮ್ಮಲ್ಲಿ ದಾರಿ ತಪ್ಪಿದೆ." ನೋವಿನಲ್ಲಿರುವವರು ಏನು ಹೇಳಿದರೂ ಕೊಳ್ಳುತ್ತಾರೆ. ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ.

ಥೈರಾಯಿಡ್ ವಿಷಯವೂ ಇಲ್ಲೇ ತಿಳಿಯಿತು. ನನಗೆ ನಾಲ್ಕು ವರ್ಷದಿಂದ ಥೈರಾಯಿಡ್ ಮಾತ್ರೆ ಇದೆ. ಅದೇ ಬೇರೆ, ಇದೇ ಬೇರೆ ಎಂದುಕೊಂಡಿದ್ದೆ. ಎಂಡೋಮೆಟ್ರಿಯೋಸಿಸ್ ಇರುವವರಲ್ಲಿ ಥೈರಾಯಿಡ್, ಸಂಧಿವಾತದಂಥ, ಮೈ ತನ್ನ ಮೇಲೆ ತಾನೇ ಬೀಳುವ ಕಾಯಿಲೆಗಳು ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತವಂತೆ. ಒಂದರಿಂದ ಇನ್ನೊಂದು ಬಂತು ಎಂದು ಹೇಳಲಾಗುವುದಿಲ್ಲ, ಆದರೆ ಸುಸ್ತನ್ನು ಸೋಮಾರಿತನ ಅಂದುಕೊಳ್ಳದೆ ಪರೀಕ್ಷೆ ಮಾಡಿಸಬೇಕು ಎಂದರು. ಥೈರಾಯಿಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ಮತ್ತೆ ಮಾಡಿಸಿದರೆ ನನ್ನ ಡೋಸ್ ಸಾಲದಾಗಿತ್ತು.

ಇನ್ನು ಕೌನ್ಸೆಲಿಂಗ್. ನಾನು ಮೊದಲು ಬೇಡವೆಂದೆ. 'ಎಲ್ಲಾ ಮನಸ್ಸಿಂದು' ಎಂದವರ ಮಾತೇ ಇನ್ನೊಂದು ಬಾಗಿಲಿಂದ ಬಂದ ಹಾಗೆ ಅನಿಸಿತು. ಆದರೆ ಕೌನ್ಸೆಲರ್ ಅಕ್ಕ (ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತೇನೆ) ಕೂರಿಸಿ ಮೊದಲು ಹೇಳಿದ್ದೇ, "ನಿಮ್ಮ ನೋವು ಹೊಟ್ಟೆಯೊಳಗೆ ಇದೆ, ನಿಜವಾದದ್ದು." ವರ್ಷಗಟ್ಟಲೆ ನೋವು ಬಂದರೆ ನರಗಳೇ ಚುರುಕಾಗಿಬಿಡುತ್ತವೆ, ಸಣ್ಣದಕ್ಕೂ ದೊಡ್ಡ ಸದ್ದು ಮಾಡುತ್ತವೆ. ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ. ತಿಂಗಳ ದಿನ ಹತ್ತಿರ ಬಂತು ಎಂದರೆ ಸಾಕು, ನಾನು ನಾಲ್ಕು ದಿನ ಮೊದಲೇ ಮೈ ಬಿಗಿ ಹಿಡಿದು ಓಡಾಡುತ್ತಿದ್ದೆ. ಅದೂ ನೋವಿಗೆ ಸೇರುತ್ತಿತ್ತು.

ಅವರು ಇನ್ನೊಂದು ಹೇಳಿದರು. ಜ್ವರ ಬಂದಾಗ ಯಾರ ಜೊತೆಯೂ ಮಾತು ಬೇಡ, ಊಟ ಬೇಡ ಅನಿಸುತ್ತದಲ್ಲ? ಅದು ಉರಿಯೂತದ ವಸ್ತುಗಳು ಮೆದುಳಿಗೆ ಕೊಡುವ ಸುದ್ದಿ. ಅಂಥವೇ ವಸ್ತುಗಳು ನಮ್ಮಲ್ಲಿ ತಿಂಗಳು ತಿಂಗಳೂ ಏರುತ್ತಿದ್ದರೆ ಮನಸ್ಸು ಹೇಗೆ ಹಗುರವಾಗಿರುತ್ತದೆ? ಇದನ್ನು ಕೇಳಿದ ದಿನ ನನ್ನ ಮೇಲೆ ನನಗಿದ್ದ ಸಿಟ್ಟು ಎಷ್ಟೋ ಇಳಿಯಿತು.

ಒಂದು ನೋಟ್‌ಬುಕ್ ಕೊಟ್ಟರು. ದಿನಾ ರಾತ್ರಿ ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಮನಸ್ಸು ಹೇಗಿತ್ತು, ಏನು ತಪ್ಪಿಸಿಕೊಂಡೆ ಎಂದು ಬರೆಯಬೇಕು. ಲೆಕ್ಕ ಬರೆಯುವವಳಿಗೆ ಇದು ಕಷ್ಟವಾಗಲಿಲ್ಲ. 'ಏನು ತಪ್ಪಿಸಿಕೊಂಡೆ' ಎಂಬ ಕಾಲಂ ತುಂಬುತ್ತಾ ಹೋಯಿತು. ನಾದಿನಿಯ ಸೀಮಂತ. ದುರ್ಗಮ್ಮನ ಸಿಡಿಬಂಡಿ ಜಾತ್ರೆ. ನಾಲ್ಕು ಜನ ಸೇರಿ ಮಿರ್ಚಿ, ಒಗ್ಗರಣೆ ತಿನ್ನಲು ಹೋದ ಸಂಜೆ.

ಆ ನೋಟ್‌ಬುಕ್ಕೇ ಎರಡನೇ ತಿಂಗಳಲ್ಲಿ ನನ್ನನ್ನು ಕಾಪಾಡಿತು. ಮೇಡಂ ಡಯನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು, ದಿನಕ್ಕೆ 2 ಮಿಲಿಗ್ರಾಂ. ನೋವು 8ರಿಂದ 4ಕ್ಕೆ ಇಳಿದಿತ್ತು. ಆದರೆ 'ಮನಸ್ಸು' ಕಾಲಂನಲ್ಲಿ ಸತತ 19 ದಿನ 'ಅಳು', 'ಏನೂ ಬೇಡ' ಎಂದಿತ್ತು. ಬರೆದವಳು ನಾನೇ, ಆದರೂ ನನಗೆ ಕಾಣಲಿಲ್ಲ. ಅಕ್ಕ ಪುಟ ತಿರುವಿ, ಎದ್ದು, ಪಕ್ಕದ ಕೋಣೆಗೆ ನೋಟ್‌ಬುಕ್ ತೆಗೆದುಕೊಂಡು ಹೋದರು. ಕೆಲವರಿಗೆ ಆ ಮಾತ್ರೆಯಿಂದ ಮನಸ್ಸು ಕುಗ್ಗುವುದುಂಟು. ಆವತ್ತೇ ಮೇಡಂ ಬೇರೆ ಮಾತ್ರೆಗೆ ಬದಲಾಯಿಸಿದರು. ಅದೇ ಮಾತ್ರೆ ಎಷ್ಟೋ ಜನರಿಗೆ ಚೆನ್ನಾಗಿ ಹೊಂದುತ್ತದೆ, ನೀವಾಗಿಯೇ ನಿಲ್ಲಿಸಬೇಡಿ. ನಾನು ಹೇಳುತ್ತಿರುವುದು, ಎರಡು ಕೋಣೆಯವರು ಒಬ್ಬರಿಗೊಬ್ಬರು ಮಾತಾಡುವ ಕ್ಲಿನಿಕ್ ನನಗೆ ಮೊದಲ ಸಲ ಸಿಕ್ಕಿತು ಎಂದು.

ನನ್ನ ಯಜಮಾನರನ್ನೂ ಒಂದು ಸಲ ಕರೆಸಿದರು. ಗಂಡ ಹೆಂಡತಿ ಕೂಡುವಾಗ ಆಗುವ ನೋವಿನ ಬಗ್ಗೆ ಅಲ್ಲಿವರೆಗೆ ಯಾವ ಡಾಕ್ಟರೂ ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ನನಗೆ ತಮ್ಮ ಮೇಲೆ ಇಷ್ಟವಿಲ್ಲ ಎಂದು ಯಜಮಾನರು ಅಂದುಕೊಂಡಿದ್ದರಂತೆ, ಆರು ವರ್ಷ. ಅದನ್ನು ಅವರು ಹೇಳಿದ್ದು ಆ ಕೋಣೆಯಲ್ಲಿ. ಅತ್ತೆಯವರು "ಗರ್ಭಕೋಶ ತೆಗೆಸಿಬಿಡು" ಎನ್ನುತ್ತಿದ್ದುದಕ್ಕೂ ಆಮೇಲೆ ಯಜಮಾನರೇ ಉತ್ತರ ಕೊಟ್ಟರು: ಈ ಕಾಯಿಲೆ ಬೆಳೆಯುವುದು ಗರ್ಭಕೋಶದ ಹೊರಗೆ, ಅದೊಂದನ್ನು ತೆಗೆದರೆ ಹೋಗೇ ಹೋಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ಮಾಲೀಕರ ಹತ್ತಿರ ರಜೆ ಹೇಗೆ ಕೇಳುವುದು ಎಂದು ಅಕ್ಕನ ಮುಂದೆ ಮೂರು ಸಲ ಹೇಳಿ ಅಭ್ಯಾಸ ಮಾಡಿದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿದ್ದನ್ನೂ ಅವರೇ ನೆನಪಿಸಿದರು. ಕೇಳಿದಾಗ ಮಾಲೀಕರು "ಮೊದಲೇ ಹೇಳಬಾರದಾಗಿತ್ತೇನಮ್ಮಾ" ಎಂದರು, ಅಷ್ಟೇ.

ಕೊರತೆಗಳನ್ನೂ ಹೇಳಲೇಬೇಕು. ಕೌನ್ಸೆಲಿಂಗ್ ಕೋಣೆಗೆ ಗೋಡೆ ಇಲ್ಲ, ಪ್ಲೈವುಡ್ ಅಡ್ಡ ಇದೆ. ಹೊರಗಿನ ಬೆಂಚಿಗೆ ಮಾತು ಕೇಳಿಸುತ್ತದೆ. ನಾನು ಹೋದಾಗ ಕೊನೆಯ ನಂಬರ್ ಕೇಳಿ ತೆಗೆದುಕೊಳ್ಳುತ್ತೇನೆ. ಚೀಟಿ ಕೊಡುವ ಹುಡುಗ "ಮಕ್ಕಳಾಗದ ಕೇಸಾ?" ಎಂದು ಎಲ್ಲರ ಮುಂದೆ ಜೋರಾಗಿ ಕೇಳುತ್ತಾನೆ. ಮೇಡಂಗೆ ಎರಡು ಸಲ ಹೇಳಿದ್ದೇನೆ, ಇನ್ನೂ ನಿಂತಿಲ್ಲ. ಆ ಬೆಂಚಿನಲ್ಲಿ ಕೂತವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂದು ಅವನಿಗೆ ಯಾರಾದರೂ ತಿಳಿಸಿ ಹೇಳಬೇಕು. ಕೌನ್ಸೆಲರ್ ಗುರುವಾರ ಮಾತ್ರ ಬರುತ್ತಾರೆ, ಒಂದು ವಾರ ತಪ್ಪಿದರೆ ಎಂಟು ದಿನ ಕಾಯಬೇಕು.

ರಾತ್ರಿ ಹೊತ್ತು ಕ್ಲಿನಿಕ್‌ನವರು ಸಿಗುವುದಿಲ್ಲ. ಅದಕ್ಕೇ ಅಕ್ಕ ನೋಟ್‌ಬುಕ್‌ನ ಕೊನೆ ಪುಟದಲ್ಲಿ 14416 ಎಂದು ಬರೆದುಕೊಟ್ಟಿದ್ದರು. ಟೆಲಿ ಮಾನಸ್, ಸರ್ಕಾರದ್ದು, 2022ರಿಂದ ಇದೆ, ಹಗಲೂ ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ಆ 19 ದಿನಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನಾನು ಅಡುಗೆಮನೆಯಲ್ಲಿ ಕೂತು ಆ ನಂಬರಿಗೆ ಮಾಡಿದೆ. ಕನ್ನಡದಲ್ಲಿ ಮಾತಾಡಿದರು, ಆತುರ ಮಾಡಲಿಲ್ಲ. ಬದುಕೇ ಬೇಡ ಅನಿಸುವ ರಾತ್ರಿ ಯಾರಿಗಾದರೂ ಬಂದರೆ ಬೆಳಗಿನವರೆಗೆ ಕಾಯಬೇಡಿ.

ನನ್ನ ನೋವು ಪೂರ್ತಿ ಹೋಗಿಲ್ಲ. ಈ ತಿಂಗಳು ಹತ್ತಕ್ಕೆ 4. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ, ಮೊದಲು ಐದು ದಿನ ಆಗುತ್ತಿತ್ತು. ಐದು ಸ್ಟಾರ್‌ಗೆ ನಾಲ್ಕು ಕೊಡುತ್ತೇನೆ. ಆ ಪ್ಲೈವುಡ್ ತೆಗೆದು ಗೋಡೆ ಕಟ್ಟಿಸಿದ ದಿನ ಐದು.

ಹೋಗುವವರು ಹಳೇ ರಿಪೋರ್ಟ್ ಎಲ್ಲ ತೆಗೆದುಕೊಂಡು ಹೋಗಿ, ನಾರ್ಮಲ್ ಎಂದಿರುವುದನ್ನೂ ಬಿಡಬೇಡಿ. ಚೀಟಿ ಬೆಳಿಗ್ಗೆ 9ಕ್ಕೆ ಮುಂಚೆ ಸಿಗುತ್ತದೆ. ಬರುವ ಗುರುವಾರ ನಾನು ಎರಡು ಚೀಟಿ ತೆಗೆಸುತ್ತೇನೆ. ನನ್ನ ತಂಗಿ ಸಿರುಗುಪ್ಪದಿಂದ ಬರುತ್ತಿದ್ದಾಳೆ, ಆಧಾರ್ ಕಾರ್ಡ್ ತೋರಿಸಿದರೆ ಬಸ್ಸಿಗೆ ದುಡ್ಡಿಲ್ಲ. ಅವಳಿಗೆ 19. ಅಕ್ಕನಿಗೆ ಇದ್ದರೆ ತಂಗಿಗೂ ಇರುವ ಸಾಧ್ಯತೆ ಜಾಸ್ತಿ ಎಂದು ಮೇಡಂ ಹೇಳಿದ ಮೇಲೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೂ ಸಂಡಾಸಕ್ಕೆ ಕೂತಾಗ ಹಂಗೇ ಆಗತಿತ್ತಾ ಅಕ್ಕಾ?" ಎಂದಳು.